ಒಳಗೇಣಿ ವಿವಾದಗಳು: ಸಾಗರ, ಹೊಸನಗರ, ತೀರ್ಥಹಳ್ಳಿ

ಗೇಣಿಗೆ ಹಿಡಿದ ಗದ್ದೆ ಅಥವಾ ತೋಟವನ್ನು ಗೇಣಿದಾರ ಒಡೆಯನ ಒಪ್ಪಿಗೆಯಿಲ್ಲದೆ ಇನ್ನೊಬ್ಬನಿಗೆ ಸಾಗುವಳಿಗೆ ಬಿಟ್ಟಾಗ ಹುಟ್ಟುತ್ತಿದ್ದ ವ್ಯಾಜ್ಯಗಳು. ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿ ಇವು ಗೇಣಿ ಪದ್ಧತಿಯ ಇತಿಹಾಸದೊಂದಿಗೆ ಬೆರೆತಿವೆ.

ಹಿನ್ನೆಲೆ: ಇಲ್ಲಿ ಗೇಣಿ ಬಹುಮಟ್ಟಿಗೆ ಬಾಯಿಮಾತಿನ ಕರಾರಾಗಿತ್ತು. ಗೇಣಿ ಅಳೆದದ್ದಕ್ಕೆ ರಸೀತಿ ಇಲ್ಲದಿದ್ದರೆ ಗೇಣಿದಾರನ ಹಕ್ಕೇ ದುರ್ಬಲವಾಗುತ್ತಿತ್ತು. ಅವನ ಕೆಳಗೆ ಉಳುವವನಿಗೆ ಅಷ್ಟೂ ಆಸರೆಯಿರಲಿಲ್ಲ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು ಎಚ್. ಗಣಪತಿಯಪ್ಪನವರ ನೇತೃತ್ವದಲ್ಲಿ ಸತ್ಯಾಗ್ರಹ ಹೂಡಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಜಗಳದ ಮೂಲ. ಜೂನ್‌ನಲ್ಲಿ ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾಗಿ ಗೇಣಿದಾರರ ದನಿಯಾದರು.

ಕಾನೂನು: 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ ಬಾಡಿಗೆದಾರ ಒಳಬಾಡಿಗೆ ಕೊಡಬಹುದು. 117ನೇ ಕಲಮು ಕೃಷಿ ಗುತ್ತಿಗೆಯನ್ನು ಸಾಮಾನ್ಯವಾಗಿ ಇದರಿಂದ ಹೊರಗಿಟ್ಟಿತು. 1961ರ ಭೂಸುಧಾರಣಾ ಕಾಯ್ದೆ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದು, 21ನೇ ಕಲಮಿನಲ್ಲಿ ಒಳಗೇಣಿಯನ್ನು ಅಸಿಂಧುವೆಂದು ಸಾರಿತು. ಅದನ್ನು ಮೀರಿದ ಗೇಣಿದಾರನನ್ನು ಬಿಡಿಸಲು ಒಡೆಯನಿಗೆ ಅವಕಾಶವಾಯಿತು. ಅದೇ ಕಾಯ್ದೆಯ 4ನೇ ಕಲಮಿನಂತೆ, ಬೇರೆಯವರ ಜಮೀನನ್ನು ಕಾನೂನುಬದ್ಧವಾಗಿ ಉಳುವವನು ಗೇಣಿದಾರನೆಂದೇ ಗಣನೆ. ಕೂಲಿಯಾಳು, ಒಡೆಯನ ಕುಟುಂಬದವರು, ಸ್ವಾಧೀನ ಅಡಮಾನದಾರರು ಇದಕ್ಕೆ ಹೊರತು. ಒಪ್ಪಿಗೆಯಿಲ್ಲದ ಒಳಗೇಣಿದಾರನ ಉಳುಮೆ ಕಾನೂನುಬದ್ಧವೇ ಎಂಬ ತೊಡಕು 21 ಮತ್ತು 4ನೇ ಕಲಮುಗಳ ನಡುವೆ ಹುಟ್ಟಿತು.

ನ್ಯಾಯಮಂಡಳಿ: ದೇವರಾಜ ಅರಸು ಸರ್ಕಾರ ಈ ಕಾಯ್ದೆಗೆ ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ನಿಹಿತವಾದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕು ಪಡೆಯಬೇಕಿತ್ತು. ಒಂದೇ ಜಮೀನಿಗೆ ಇಬ್ಬರು ಹಕ್ಕು ಹೂಡಿದಲ್ಲಿ, ಆ ದಿನ ಗೇಣಿದಾರ ಯಾರಾಗಿದ್ದ ಎಂಬುದು ಮುಖ್ಯ ಪ್ರಶ್ನೆಯಾಯಿತು. ಪಹಣಿಯ ಸಾಗುವಳಿ ಕಾಲಂ, ಗೇಣಿ ಚೀಟಿ, ನೆರೆಯವರ ಸಾಕ್ಷ್ಯ ಇದಕ್ಕೆ ಆಧಾರವಾಗಿದ್ದವು. 1964ರ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ, ಸುಳ್ಳೆಂದು ತೋರಿಸುವವರೆಗೆ ಪಹಣಿಯ ನಮೂದು ನಿಜವೆಂದೇ ಭಾವನೆ. ಹೆಸರೇ ದಾಖಲಾಗದ ಒಳಗೇಣಿದಾರನಿಗೆ ಇದು ದೊಡ್ಡ ತಡೆಯಾಗಿತ್ತು.

ಮಹತ್ವ: ಉಳುವವನಿಗೇ ಭೂಮಿ ಎಂಬ ತತ್ತ್ವ ಒಡೆಯ ಮತ್ತು ಗೇಣಿದಾರರ ನಡುವೆ ಸ್ಪಷ್ಟ ಗೆರೆ ಎಳೆಯಿತು. ನಿಜವಾಗಿ ಉತ್ತವನು ಗೇಣಿದಾರನಿಗೂ ಕೆಳಗಿದ್ದಲ್ಲಿ ಆ ನ್ಯಾಯ ಅವನನ್ನು ಮುಟ್ಟಲು ದುಡಿಮೆಯೊಂದೇ ಸಾಲದು, ದಾಖಲೆಯೂ ಬೇಕಾಗಿತ್ತು. ಮಲೆನಾಡಿನ ಭೂಸುಧಾರಣೆಯನ್ನು ಅಳೆಯುವಾಗ ಈ ರೈತರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.