ಕೊಂಡವನ ಅನುಶಯ

ಕೊಂಡ ಮೇಲೆ ಪಶ್ಚಾತ್ತಾಪಪಡುವುದು ಮನುಷ್ಯಸ್ವಭಾವ. ಅಂಗಡಿಯ ದೀಪದಲ್ಲಿ ಕಣ್ಸೆಳೆದ ಬಣ್ಣ ಮನೆಯ ಬೆಳಕಿನಲ್ಲಿ ಮಂಕಾಗಿ ಕಾಣುತ್ತದೆ. ಸರಿಯೆಂದು ತೋರಿದ ಪಾದರಕ್ಷೆ ನಾಲ್ಕು ಹೆಜ್ಜೆಗೆ ಕಚ್ಚುತ್ತದೆ. ಇನ್ನು ಸರಕನ್ನು ಮುಟ್ಟಿಯೂ ನೋಡದೆ, ಮೊಬೈಲಿನಲ್ಲಿ ಕಂಡ ಚಿತ್ರವನ್ನಷ್ಟೇ ನಂಬಿ ಕೊಳ್ಳುವ ಈ ಕಾಲದಲ್ಲಿ ಕೇಳಬೇಕೆ? ಹೀಗೆ ಕೊಂಡು ಬೇಡವಾದುದನ್ನು ಹಿಂದಿರುಗಿಸುವುದು ತೀರ ಹೊಸ ಪದ್ಧತಿಯೆಂದು ನಾವು ಭಾವಿಸಿದ್ದೇವೆ. ಅದು ಹಾಗಲ್ಲ.

ನಮ್ಮ ಪ್ರಾಚೀನರು ಇದನ್ನು ‘ಅನುಶಯ’ ಎಂದು ಕರೆದರು. ಮನು ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು. ಕೊಂಡವನಿಗಾಗಲಿ ಮಾರಿದವನಿಗಾಗಲಿ ಅವನು ಕೊಡುವ ಗಡುವು ಹತ್ತು ದಿನ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕರಿಗೆ ಒಂದು ರಾತ್ರಿ, ರೈತರಿಗೆ ಮೂರು, ಗೋಪಾಲಕರಿಗೆ ಐದು. ನಾರದನ ವಿಧಿ ಇನ್ನೂ ಸೂಕ್ಷ್ಮವಾದುದು: ಕೊಂಡ ದಿನವೇ ಕೆಡಿಸದೆ ಹಿಂದಿರುಗಿಸಿದರೆ ಪೂರ್ಣ ಬೆಲೆ, ಎರಡನೆಯ ದಿನವಾದರೆ ಬೆಲೆಯ ಮೂವತ್ತನೆಯ ಒಂದು ಭಾಗ ನಷ್ಟ, ಮೂರನೆಯ ದಿನ ಅದರ ಇಮ್ಮಡಿ, ಆಮೇಲೆ ಸರಕು ಕೊಂಡವನದೇ. ಯಾಜ್ಞವಲ್ಕ್ಯಸ್ಮೃತಿ ಪರೀಕ್ಷೆಯ ಅವಧಿಯನ್ನು ವಸ್ತುವಿಗೆ ತಕ್ಕಂತೆ ವಿಂಗಡಿಸುತ್ತದೆ: ಕಬ್ಬಿಣಕ್ಕೆ ಒಂದು ದಿನ, ಕರೆಯುವ ಹಸುವಿಗೆ ಮೂರು, ರತ್ನಕ್ಕೆ ಏಳು, ಬಿತ್ತನೆಯ ಬೀಜಕ್ಕೆ ಹತ್ತು. ಅದೇ ಪಟ್ಟಿಯಲ್ಲಿ ದಾಸದಾಸಿಯರೂ ಸೇರಿರುವುದು ಆ ಕಾಲದ ಕಳಂಕ. ಈ ಸ್ಮೃತಿಗೆ ‘ಮಿತಾಕ್ಷರ’ವೆಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಆದ್ದರಿಂದ ಈ ವಿಚಾರ ಕನ್ನಡ ನೆಲಕ್ಕೆ ಹೊರಗಿನದಲ್ಲ.

ಇನ್ನು ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೆ ಬರೋಣ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದ ಮೇಲೆ ತಮಿಳರು, ದಖನಿ ಮುಸಲ್ಮಾನರು, ಕಚ್ಛಿ ಮೆಮನರು ಇಲ್ಲಿ ಅಂಗಡಿಗಳನ್ನು ತೆರೆದರು. ಇಂದಿನ ಶಿವಾಜಿನಗರದ ಸುತ್ತ ಕಮರ್ಷಿಯಲ್ ಸ್ಟ್ರೀಟ್ ಬೆಳೆಯಿತು. 1927ರಲ್ಲಿ ರಸೆಲ್ ಮಾರುಕಟ್ಟೆ ಎದ್ದಿತು. ದೂರದ ಸರಕನ್ನು ಮನೆಗೇ ತರಿಸಿಕೊಳ್ಳುವ ಸೌಕರ್ಯವೂ ಆಗಲೇ ಇತ್ತು. ಅಂಚೆ ಇಲಾಖೆ 1877ರಲ್ಲಿ ವಿ.ಪಿ. ಪದ್ಧತಿಯನ್ನು ಆರಂಭಿಸಿತ್ತು. ನನ್ನ ತಲೆಮಾರಿನವರು ಕನ್ನಡ ಪುಸ್ತಕಗಳನ್ನು ತರಿಸಿಕೊಂಡದ್ದೂ ಹೀಗೆಯೇ. ಪೋಸ್ಟ್‌ಮ್ಯಾನನ ಮುಂದೆ ‘ಬೇಡ’ ಎಂದರೆ ಪೊಟ್ಟಣ ಹಿಂದಿರುಗುತ್ತಿತ್ತು. ಆದರೆ ಹಣ ಕೊಡುವ ಮೊದಲು ಬಿಚ್ಚಿ ನೋಡುವಂತಿರಲಿಲ್ಲ. ಬಿಚ್ಚಿದ ಮೇಲಿನ ಅನುಶಯಕ್ಕೆ ಅಲ್ಲಿ ಎಡೆಯಿರಲಿಲ್ಲ.

ಒಪ್ಪಿಗೆಯಾದರೆ ಇಟ್ಟುಕೊಂಡು, ಇಲ್ಲವಾದರೆ ಮರಳಿಸುವ ವ್ಯಾಪಾರವನ್ನು 1930ರ ಸರಕು ಮಾರಾಟ ಕಾಯಿದೆಯ 24ನೆಯ ಕಲಮು ಮಾನ್ಯಮಾಡಿತು. ಆದರೆ ಅದು ಮೊದಲೇ ಆ ಕರಾರಿನ ಮೇಲೆ ಒಯ್ದ ಸರಕಿಗೆ ಮಾತ್ರ. ಸಾಮಾನ್ಯ ಗಿರಾಕಿಗೆ ದೊರೆತದ್ದು ರಸೀದಿಯ ತಳದಲ್ಲಿ ಅಚ್ಚಾದ ಒಂದು ಸಾಲು: ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯಲಾಗುವುದಿಲ್ಲ. ಆದರೂ ಪರಿಚಯದ ಅಂಗಡಿಯಾತ ಗೊಣಗುತ್ತಲೇ ಸೀರೆಯನ್ನು ಬದಲಿಸಿಕೊಡುತ್ತಿದ್ದುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಾಗದದಲ್ಲಿ ಇಲ್ಲದ ಹಕ್ಕು ದಾಕ್ಷಿಣ್ಯದಲ್ಲಿ ಉಳಿದುಕೊಂಡಿತ್ತು.

2007ರಲ್ಲಿ ಇದೇ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಹುಟ್ಟಿತು. 2010ರಲ್ಲಿ ಅದು ಸರಕು ಕೈಸೇರಿದಾಗ ಹಣ ಪಡೆಯುವ ಕ್ರಮವನ್ನು ತಂದಿತು. ಹಳೆಯ ವಿ.ಪಿ.ಯೇ ಹೊಸ ವೇಷದಲ್ಲಿ ಬಂದಂತಾಯಿತು. ಕಾಣದ ವರ್ತಕನನ್ನು ಜನ ನಂಬಬೇಕಾದರೆ ಹಿಂದಿರುಗಿಸುವ ಅವಕಾಶ ಅನಿವಾರ್ಯವಾಗಿತ್ತು. ಈಗ ಕೃಷ್ಣರಾಜಪುರದ ಮನೆಬಾಗಿಲಿನಿಂದಲೂ ಪೊಟ್ಟಣ ಹಿಂದಕ್ಕೆ ಹೋಗುತ್ತದೆ. ಕೆಲವು ಕಂಪನಿಗಳು ಅಂತರ್ಜಾಲದಲ್ಲಿ ಮಾರಿದ್ದನ್ನು ಊರಿನ ತಮ್ಮ ಅಂಗಡಿಯಲ್ಲಿಯೇ ಮರಳಿ ಪಡೆಯುತ್ತವೆ. ಈ ಎರಡನೆಯ ಏರ್ಪಾಡು ನನಗೆ ಹೆಚ್ಚು ಹಿತವೆನಿಸುತ್ತದೆ. ಮೊಬೈಲಿನಲ್ಲಿ ನಾವು ಅವರು ಕೊಟ್ಟ ಕಾರಣಗಳಲ್ಲಿ ಒಂದನ್ನು ಆರಿಸಬೇಕು. ಅಂಗಡಿಯಲ್ಲಿ ನಮ್ಮ ಕಾರಣವನ್ನು ನಾವೇ ಹೇಳಬಹುದು. ಬೆರಳಿಗೆ ಪರದೆ ಒಗ್ಗದ ವೃದ್ಧರಿಗೆ ಇದು ಸಣ್ಣ ಮಾತಲ್ಲ.

ಆದರೆ ಕಾನೂನು ಎಲ್ಲಿಯವರೆಗೆ ಬಂದಿದೆ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಮರಳಿ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. 2020ರ ಇ-ವಾಣಿಜ್ಯ ನಿಯಮಗಳು ವರ್ಣನೆಗೆ ಹೊಂದದ ಸರಕಿಗೂ ರಕ್ಷಣೆ ಕೊಡುತ್ತವೆ. ಅಂದರೆ ಮೋಸಹೋದವನಿಗೆ ಆಸರೆಯಿದೆ. ಮನಸ್ಸು ಬದಲಿಸಿದವನಿಗೆ ವ್ಯಾಪಾರಿಯ ಕೃಪೆಯೇ ಗತಿ. ಯೂರೋಪಿನ ಒಕ್ಕೂಟದಲ್ಲಿ ದೂರದಿಂದ ಕೊಂಡವನು ಸಾಮಾನ್ಯವಾಗಿ 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದೆಗೆಯಬಹುದು. ನಮ್ಮ ನಾರದನಾದರೋ ಅನುಶಯವನ್ನು ಹಕ್ಕಾಗಿ ಒಪ್ಪಿದನು. ತಡಮಾಡಿದವನೂ ನಷ್ಟದಲ್ಲಿ ಸ್ವಲ್ಪ ಪಾಲು ಹೊರಲೆಂದನು. ಹಿಂದಿರುಗಿದ ಸರಕಿಗೂ ಸಾಗಣೆಯ ವೆಚ್ಚವಿದೆ, ಅದನ್ನು ಹೊತ್ತು ತಿರುಗುವವನ ಶ್ರಮವಿದೆ ಎಂಬುದನ್ನು ನೆನೆದಾಗ ಆ ಮೂವತ್ತನೆಯ ಒಂದು ಭಾಗದಲ್ಲಿ ಅಡಗಿದ ನ್ಯಾಯ ಅರ್ಥವಾಗುತ್ತದೆ.

ಅನುಶಯ ಶಬ್ದಕ್ಕೆ ಅಮರಕೋಶ ಎರಡು ಅರ್ಥಗಳನ್ನು ಹೇಳುತ್ತದೆ: ಅನುತಾಪ ಒಂದು, ದೀರ್ಘದ್ವೇಷ ಇನ್ನೊಂದು. ಮೊದಲನೆಯದಕ್ಕೆ ಕಾಲದಲ್ಲಿ ಪರಿಹಾರ ದೊರೆತರೆ ಅದು ಎರಡನೆಯದಾಗಿ ಬೆಳೆಯುವುದಿಲ್ಲ. ನಮ್ಮ ಶಾಸನಕರ್ತರು ಆ ಹಳೆಯ ವ್ಯವಹಾರಪದವನ್ನು ಮತ್ತೊಮ್ಮೆ ತೆರೆದು ನೋಡಬೇಕು.