ಕಾಯಕ

ಸಂಸ್ಕೃತದ ‘ಕಾಯ’ ಎಂದರೆ ದೇಹ. ಅದರಿಂದ ಬಂದ ‘ಕಾಯಕ’ಕ್ಕೆ ಮೈಬಗ್ಗಿಸಿ ಮಾಡುವ ದುಡಿಮೆ ಎಂಬುದು ಮೊದಲ ಅರ್ಥ. ಈ ಪದಕ್ಕೆ ಧರ್ಮದ ತೂಕ ಬಂದದ್ದು 12ನೇ ಶತಮಾನದ ಶರಣರಿಂದ. ಸ್ವಧರ್ಮವನ್ನು ಹುಟ್ಟಿದ ವರ್ಣಕ್ಕೆ ಕಟ್ಟಿಹಾಕಿದ್ದ ಕಾಲದಲ್ಲಿ, ಹಗ್ಗ ಹೊಸೆಯುವುದು, ಬಟ್ಟೆ ಒಗೆಯುವುದು, ದೋಣಿ ನಡೆಸುವುದು ಎಲ್ಲವೂ ಸಮನಾದ ಸಾಧನೆ ಎಂದವರು ಅವರು.

ಕಾಯಕವನ್ನು ಕೈಲಾಸವೆಂದ ಮಾತು ಬಸವಣ್ಣನದೆಂದೇ ಹೆಚ್ಚಿನವರ ನಂಬಿಕೆ. ಆದರೆ ಅದು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಆಯ್ದಲ್ಲಿಯೇ ಸುರಿದು ಬರುವಂತೆ ಕಳಿಸಿದಳೆಂಬ ಕಥೆಯಿದೆ. ಪದದ ಸಾರವನ್ನು ಲಕ್ಕಮ್ಮನಷ್ಟು ಸ್ಪಷ್ಟವಾಗಿ ಯಾವ ನಿಘಂಟೂ ಹೇಳಿಲ್ಲ: ಕೆಲಸ ಪ್ರಾಮಾಣಿಕವಾಗಿರಬೇಕು, ಆಸೆ ಅದನ್ನು ಮೀರಬಾರದು.

ಕಾಯಕದ ಜೋಡಿಪದ ದಾಸೋಹ. ‘ನಾನು ದಾಸ’ ಎಂಬರ್ಥದ ‘ದಾಸೋಹಂ’ನಿಂದ ಬಂದದ್ದು. ದುಡಿದದ್ದನ್ನು ಹಂಚಿದಾಗಲೇ ದುಡಿಮೆ ಕಾಯಕವಾಗುತ್ತದೆ. ತುಮಕೂರಿನ ಸಿದ್ಧಗಂಗಾ ಮಠದ ನಿತ್ಯದಾಸೋಹದಲ್ಲಿ ಈ ಪದ ಇಂದಿಗೂ ಬದುಕಿದೆ.

ಈಗ ಪತ್ರಿಕೆಗಳಲ್ಲಿ ‘ಸ್ವಚ್ಛತಾ ಕಾಯಕ’, ‘ರಸ್ತೆ ದುರಸ್ತಿ ಕಾಯಕ’ ಎಂದು ಯಾವ ಕೆಲಸಕ್ಕಾದರೂ ಈ ಹೆಸರಿಡುತ್ತಾರೆ. ಸಂಬಳಕ್ಕಷ್ಟೇ ಮಾಡುವುದಕ್ಕೆ ‘ಕೆಲಸ’ ಸಾಕು. ನಿಮ್ಮ ಕೈಗೆ ಒಗ್ಗಿ, ಇನ್ನೊಬ್ಬರ ಬದುಕಿಗೂ ಒದಗುವ ದುಡಿಮೆಗಾಗಿ ‘ಕಾಯಕ’ವನ್ನು ಉಳಿಸಿಕೊಳ್ಳಿ.