ಗೆದ್ದ ಮೇಲೆ ಬಂದ ರೇಷನ್

ದೆಹಲಿಯಲ್ಲಿರುವ ಓದುಗರಿಗೆ ಗೊತ್ತು, ಅಲ್ಲಿ 'ರಾಶನ್' ಅಂದರೆ ತಿಂಗಳ ದಿನಸಿ ಅಷ್ಟೇ. ಯುದ್ಧಕಾಲದ ಬ್ರಿಟನ್ನಿನಲ್ಲಿ ಅದೇ ಪದಕ್ಕೆ ಅಳತೆಯ ಬಿಗಿ ಇತ್ತು. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು. ಜುಲೈನಲ್ಲಿ ಚಹಾಕ್ಕೂ ಬಂತು: ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ 57 ಗ್ರಾಂ. ನಿಮ್ಮ ಮನೆಯಲ್ಲಿ ಅಷ್ಟು ಪುಡಿ ಎಷ್ಟು ದಿನ ಬಂದೀತು, ನೋಡಿ!

ಬ್ರೆಡ್ಡನ್ನು ಮಾತ್ರ ಯುದ್ಧ ಮುಗಿಯುವವರೆಗೂ ಸರ್ಕಾರ ಮುಟ್ಟಲಿಲ್ಲ. ಅದಕ್ಕೆ ರೇಷನ್ ಬಂದದ್ದು ಗೆದ್ದ ಮರುವರ್ಷ, 1946ರ ಜುಲೈ 21ರಂದು. ಜಗತ್ತಿನಲ್ಲೆಲ್ಲ ಗೋಧಿಯ ಕೊರತೆ. ಜರ್ಮನಿಯಲ್ಲಿ ತನ್ನ ವಶಕ್ಕೆ ಬಂದ ಭಾಗದ ಜನರಿಗೂ ಬ್ರಿಟನ್ನೇ ಅನ್ನ ಹಾಕಬೇಕಿತ್ತು. ಕಾರಣ ಸುಳ್ಳಲ್ಲ. ಆದರೆ ಆರು ವರ್ಷ ಕ್ಯೂನಲ್ಲಿ ನಿಂತು ಕಾಲು ಸೋತ ಹೆಂಗಸಿಗೆ ಅದನ್ನು ಒಪ್ಪಿಸುವುದು ಹೇಗೆ? ಬೇಕರಿಯ ಮುಂದಿನ ಗೊಣಗಾಟವೇ ರಾಜಕೀಯವಾಯಿತು. 1945ರಲ್ಲಿ ಹುಟ್ಟಿದ್ದ ಬ್ರಿಟಿಷ್ ಹೌಸ್‌ವೈವ್ಸ್ ಲೀಗ್ ಸಹಿ ಸಂಗ್ರಹಕ್ಕಿಳಿಯಿತು. ಆಹಾರ ಸಚಿವ ಜಾನ್ ಸ್ಟ್ರೇಚಿ ಬೈಗುಳಕ್ಕೆ ಗುರಿಯಾದರು.

1948ರ ಜುಲೈನಲ್ಲಿ ಬ್ರೆಡ್ ಬಿಡುಗಡೆಯಾಯಿತು. ಮಿಠಾಯಿಯದ್ದು ಇನ್ನೂ ತಮಾಷೆ: 1949ರ ಏಪ್ರಿಲ್‌ನಲ್ಲಿ ರೇಷನ್ ತೆಗೆದರೆ ಜನ ಮುಗಿಬಿದ್ದು ಅಂಗಡಿಗಳೇ ಖಾಲಿ. ಆಗಸ್ಟ್‌ನಲ್ಲಿ ಮತ್ತೆ ರೇಷನ್.

ಲೇಬರ್ ಪಕ್ಷವನ್ನು ಕ್ಯೂಗಳೇ ಸೋಲಿಸಿದವು ಎನ್ನುವವರಿದ್ದಾರೆ. ನನಗದು ಅರ್ಧ ಸತ್ಯ ಅನ್ನಿಸುತ್ತದೆ. 1951ರಲ್ಲಿ ಹೆಚ್ಚು ಮತ ಬಿದ್ದದ್ದು ಲೇಬರ್‌ಗೇ. ಹೆಚ್ಚು ಸೀಟು ಬಂದದ್ದು ಚರ್ಚಿಲ್ಲರ ಕನ್ಸರ್ವೇಟಿವ್ ಪಕ್ಷಕ್ಕೆ. ಆ ಸರ್ಕಾರ ಬಂದ ಮೇಲೂ ಮಾಂಸದ ರೇಷನ್ ಮುಗಿಯಲು 1954ರ ಜುಲೈವರೆಗೆ ಕಾಯಬೇಕಾಯಿತು.